ಶ್ರೀಪ್ರಿಯಾಳ ಕೃಷ್ಣಮೃಗಗಳು

"ಈ ಗೆರೆ ಸುಳ್ಳು ಹೇಳ್ತಿದೆ!"

ಸೆಮಿನಾರ್ ಹಾಲಿನಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿದರು. ಶ್ರೀಪ್ರಿಯಾ ಪರದೆಯಿಂದ ತಿರುಗಿ ನೋಡಿದಳು. ಕೊನೆಯ ಸಾಲಿನಲ್ಲಿ ಎದ್ದು ನಿಂತಿದ್ದವನು ಅಡ್ಯಾರಿನ ಆ ವನ್ಯಜೀವಿ ಲ್ಯಾಬಿಗೆ ಅವತ್ತೇ ಸೇರಿದ್ದ ಸುಜಯೀಂದ್ರ. ಬಂದ ದಿನವೇ ಇಷ್ಟು ಕೊಬ್ಬಾ!

ಬಿಸಿಲಲ್ಲಿ ಅಲೆದು ಕೃಷ್ಣಮೃಗಗಳ ಹಿಕ್ಕೆ ಆರಿಸಿ ತಂದು, ಅದರೊಳಗಿನ ಡಿಎನ್‌ಎಯಿಂದ ಅವುಗಳ ಸಾವಿರಾರು ವರ್ಷದ ಕಥೆ ಓದಿದ್ದಳು ಅವಳು. ಒಂದು ಕಾಲದಲ್ಲಿ ಅವುಗಳ ಸಂಖ್ಯೆ ದಿಢೀರನೆ ಕುಸಿದಿತ್ತು ಎನ್ನುತ್ತಿತ್ತು ಪರದೆಯ ಮೇಲಿನ ಗೆರೆ. ಅವಳ ಪಿಎಚ್‌ಡಿ ನಿಂತಿದ್ದೇ ಆ ಕುಸಿತದ ಮೇಲೆ.

"ಗಿಂಡಿ ಕಾಡಿನ ಮೃಗಗಳನ್ನೂ ಸಮುದ್ರದ ಕಡೆಯವನ್ನೂ ಒಟ್ಟಿಗೆ ಬೆರೆಸಿದೀರಿ. ಒಂದಕ್ಕೊಂದು ಸೇರದ ಹಿಂಡುಗಳನ್ನ ಬೆರೆಸಿದ್ರೆ, ಆಗದೇ ಇರೋ ಕುಸಿತಾನೂ ಕಾಣತ್ತೆ. ಬೇರೆ ಮಾಡಿ ನೋಡಿ... ಅಷ್ಟೇ."

ಅಷ್ಟೇನಾ?! ಎಲ್ಲರೆದುರು ಮಾನ ಕಳೆದು, ಅಷ್ಟೇ ಅಂತೆ!

ಮಾರನೇ ದಿನ ಅವನು ಗೈಡ್ ಜಯಲಕ್ಷ್ಮೀ ಮೇಡಂ ಕೋಣೆಯಿಂದ ಹೊರಬಂದದ್ದನ್ನು ಕಂಡಾಗಲಂತೂ ಖಾತ್ರಿಯಾಯಿತು. 'ನನ್ನ ಕೆಲಸ ಕಿತ್ಕೊಳ್ಳೋಕೇ ಬಂದಿದಾನೆ!' ಆಮೇಲೆ ಅವಳು ಅವನ ಮುಖ ನೋಡಲಿಲ್ಲ.

ಆದರೆ ಕುತೂಹಲ ಕೇಳಬೇಕಲ್ಲ? ಹಾಳಾದ್ದು, ಊಟಕ್ಕೆ ಕೂತರೂ ಅದೇ ಯೋಚನೆ. ಆ ಮೃಗಗಳಿಗೆ ನಿಜವಾಗಿ ಏನಾಗಿತ್ತು? ಕೊನೆಗೊಂದು ದಿನ ಹಿಂಡುಗಳನ್ನು ಬೇರೆ ಮಾಡಿ ಲೆಕ್ಕ ಹಾಕಿಯೇಬಿಟ್ಟಳು. ಎರಡು ಗೆರೆಗಳೂ ನೆಟ್ಟಗೆ ಸಾಗಿದ್ದವು. ಕುಸಿತವೇ ಇರಲಿಲ್ಲ!

ಅಳು ಬರಬೇಕಿತ್ತು... ಬದಲಿಗೆ ಖುಷಿಯಾಯಿತು. ಸದ್ಯ, ಅವಕ್ಕೆ ಏನೂ ಆಗಿರಲಿಲ್ಲ!

ಗೆರೆ ನೋಡಿ ಮೇಡಂ ನಕ್ಕರು. "ಇದನ್ನೇ ಥೀಸಿಸ್‌ನಲ್ಲಿ ಬರಿ. ಸೆಮಿನಾರ್ ಆದ ಮಾರನೇ ದಿನ, ಈ ಕೆಲಸ ನೀನೇ ತಗೋ ಅಂತ ಸುಜಯೀಂದ್ರಂಗೆ ಹೇಳಿದ್ದೆ ಕಣೆ. ಅದು ಶ್ರೀಪ್ರಿಯಾದು, ನಾನು ಮುಟ್ಟಲ್ಲ ಅಂತ ಎದ್ದು ಹೋದ."

ಛೇ... ದುಡುಕಿದವಳು ತಾನೇ!

ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಕಾಫಿ ಕುಡಿಯುತ್ತಿದ್ದ. ಅವಳು ಎದುರಿಗೇ ಕೂತಳು.

"ಯಾಕೆ ಬೇಡ ಅಂದ್ರಿ?"

"ಕಷ್ಟಪಟ್ಟೋರು ನೀವು. ಅದೂ ಅಲ್ದೆ..."

"ಅದೂ ಅಲ್ದೆ? ಹೇಳೀಪ್ಪಾ!"

"ಅವತ್ತು ಆ ಮೃಗಗಳ ವಿಷ್ಯ ಹೇಳ್ತಾ ನಿಮ್ಮ ಕಣ್ಣು ಹೊಳೀತಿತ್ತು. ನಾಳೆ ಯಾರೋ ಪರೀಕ್ಷಕರು ನಿಮ್ಮನ್ನ ಅಳಿಸೋದು ಬೇಡ ಅನ್ನಿಸ್ತು, ಬಾಯಿ ಬಿಟ್ಟೆ. ಅವತ್ತಿಂದ ನೀವಂದ್ರೆ ನಂಗಿಷ್ಟ... ತುಂಬಾ ಇಷ್ಟ."

ಅವಳ ಕಿವಿ ಬಿಸಿಯಾಯಿತು.

"ಒಂದೇ ದಿನ ನೋಡಿ ಇಷ್ಟು ದೊಡ್ಡ ತೀರ್ಮಾನಾನಾ? ಸ್ಯಾಂಪಲ್ ಸಾಲಲ್ಲ."

"ಮತ್ತೆ?"

"ನಾಳೆಯಿಂದ ನನ್ನ ಜೊತೆ ಗಿಂಡಿಗೆ ಬಾ. ಹಿಕ್ಕೆ ಆರಿಸೋಕೆ."

"ಎಷ್ಟು ದಿನ?"

"ಜೀವನ ಪೂರ್ತಿ... ಆಗತ್ತಾ?"

ಅವನು ಲೋಟ ಕೆಳಗಿಟ್ಟು ಎದ್ದೇಬಿಟ್ಟ.

"ನಾಳೆವರೆಗೂ ಯಾಕೆ? ಈಗ್ಲೇ ಹೊರಡೋಣ!"