ನೂರಕ್ಕೆ ನೂರು ಬಂದ ದಿನ

"ನಮ್ಮ ಗುಬ್ಬಿಗೆ ಪಾಠ ಮಾಡೋರು ನೀವೇನಾ?"

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತವನ ಧ್ವನಿ ಜೋರಾಗಿರಲಿಲ್ಲ. ಆದರೂ ಒಳಗಿದ್ದವರೆಲ್ಲ ತಲೆಯೆತ್ತಿ ನೋಡಿದರು.

ತಿದ್ದುತ್ತಿದ್ದ ಉತ್ತರಪತ್ರಿಕೆಯ ಮೇಲೆ ಟೀಚರ್ ಪೆನ್ನು ಇಟ್ಟಳು. "ಹೌದು, ವ್ಯವಹಾರ ಅಧ್ಯಯನ. ನೀವು...?"

"ಅವಳ ಚಿಕ್ಕಪ್ಪ. ಬೆಳಿಗ್ಗೆ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ಲು. ಊಟ ಸೇರ್ತಿಲ್ಲ, ನಿದ್ದೆ ಇಲ್ಲ. ಯಾಕಮ್ಮಾ ಅಂದ್ರೆ, ಪೂರ್ವಸಿದ್ಧತಾ ಪರೀಕ್ಷೇಲಿ ಎರಡು ಅಂಕ ಹೋಯ್ತಂತೆ. ನೂರಕ್ಕೆ ನೂರು ಬರದಿದ್ರೆ ಆಕಾಶ ಕಳಚಿ ಬೀಳುತ್ತಾ ಟೀಚರ್?"

ಅವಳ ಕೆನ್ನೆ ಬಿಸಿಯಾಯಿತು. "ನೂರು ಬೇಕು ಅಂತ ನಾನ್ಯಾವತ್ತೂ ಹೇಳಿಲ್ಲ."

"ಬೇಡ ಅಂತಾನೂ ಹೇಳಿಲ್ಲ, ಅಲ್ವಾ?"

ಅಷ್ಟು ಹೇಳಿ ಅವನು ಹೊರಟುಹೋದ.

ಎಷ್ಟು ಒರಟು ಮನುಷ್ಯ... ಎಂದುಕೊಂಡಳು. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ನಿಜ, ಅವಳು ಬೇಡ ಎಂದಿರಲಿಲ್ಲ. ನಿರ್ವಹಣೆಯ ತತ್ವಗಳನ್ನು ಕಥೆಪುಸ್ತಕದ ಹಾಗೆ ಓದುವ ಹುಡುಗಿ ಅವಳಿಗೆ ಇದುವರೆಗೆ ಸಿಕ್ಕಿರಲಿಲ್ಲ. ಮಿಕ್ಕವರು ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದರೆ, ಗುಬ್ಬಿ ಮಾತ್ರ ಮೇಜಿನ ಬಳಿ ಬಂದು, "ಮಿಸ್, ಯೋಜನೆ ಸರಿಯಾಗಿದ್ರೂ ಕಂಪನಿ ಯಾಕೆ ಮುಳುಗುತ್ತೆ?" ಎಂದು ಕೇಳುತ್ತಿದ್ದಳು. ಅಂಥವಳ ಹಸಿವಿಗೆ ಬಡಿಸುವುದೇ ಸುಖವಾಗಿತ್ತು. ಹಸಿವು ಎಲ್ಲಿಂದ ಬಂತು ಎಂದು ಕೇಳಬೇಕು ಅನ್ನಿಸಿರಲೇ ಇಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಟೀಚರ್ ಅವನನ್ನು ಹುಡುಕಿಕೊಂಡು ಹೋದಳು. ಶಾಲೆಯ ಹಿಂದಿನ ಬೀದಿಯಲ್ಲಿ ಅವನ ಕನ್ನಡಕದ ಅಂಗಡಿ. ಒಬ್ಬ ಅಜ್ಜಿಯ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತಾ, "ಈಗ ಸೊಸೆ ಮುಖ ಸ್ಪಷ್ಟವಾಗಿ ಕಾಣುತ್ತೆ. ಆಮೇಲೆ ನನ್ನ ಬೈಬಾರ್ದು" ಎನ್ನುತ್ತಿದ್ದ. ಟೀಚರನ್ನು ಕಂಡು ಅವನ ನಗು ಅರ್ಧಕ್ಕೇ ನಿಂತಿತು.

"ನಿನ್ನೆ ಜಾಸ್ತಿ ಮಾತಾಡಿದೆ" ಎಂದ, ಅಜ್ಜಿ ಹೋದ ಮೇಲೆ. "ಹೆದರಿಬಿಟ್ಟಿದ್ದೆ. ಅತ್ತಿಗೆ ತೀರಿಕೊಂಡಾಗ ಗುಬ್ಬಿ ಇಷ್ಟಿದ್ಲು. ಅಣ್ಣಂದು ಬೇರೆ ಊರಲ್ಲಿ ಬಿಸಿನೆಸ್, ಬೇರೆ ಸಂಸಾರ. ನನಗಿರೋದು ಇವಳೊಬ್ಬಳೇ."

"ನನಗೂ ಅವಳು ಬೇಕು" ಎಂದಳು ಅವಳು. "ಬರೀ ಅಂಕಕ್ಕಲ್ಲ."

ಇಬ್ಬರೂ ಸೇರಿ ಒಂದು ಒಪ್ಪಂದಕ್ಕೆ ಬಂದರು. ಸಂಜೆ ಒಂದೇ ಗಂಟೆ ವಿಶೇಷ ತರಗತಿ. ಆಮೇಲೆ ಪುಸ್ತಕ ಮುಚ್ಚಬೇಕು, ಉಣ್ಣಬೇಕು, ಮಲಗಬೇಕು. ಗುಬ್ಬಿಯನ್ನು ಬಿಡುವ ನೆಪದಲ್ಲಿ ಟೀಚರ್ ಅಂಗಡಿಯವರೆಗೆ ಬರುತ್ತಿದ್ದಳು. ಬರಬರುತ್ತಾ ಅಂಗಡಿಯಲ್ಲಿ ಅವಳಿಗೆಂದೇ ಒಂದು ಸ್ಟೂಲ್ ಬಂತು, ಅದಕ್ಕೊಂದು ದಿಂಬು ಬಂತು. ಗುಬ್ಬಿ ಇಬ್ಬರ ಮುಖವನ್ನೂ ನೋಡಿ, ಏನೂ ಗೊತ್ತಿಲ್ಲದವಳ ಹಾಗೆ ಒಳಗೆ ಹೋಗುತ್ತಿದ್ದಳು.

ಮೂವತ್ತು ದಾಟಿದ ಮೇಲೆ ಇದೆಲ್ಲ ಏನು... ಎಂದು ಮನೆಗೆ ಹೋಗುವ ದಾರಿಯಲ್ಲಿ ಅವಳು ತನ್ನನ್ನೇ ಗದರಿಸಿಕೊಳ್ಳುತ್ತಿದ್ದಳು. ಗದರಿಕೆಗೆ ಮನಸ್ಸು ಬಗ್ಗಲಿಲ್ಲ.

ಪರೀಕ್ಷೆ ಹತ್ತಿರವಾದಂತೆ ಗುಬ್ಬಿ ಮತ್ತೆ ಸೊರಗಿದಳು. "ಇನ್ನು ವಿಶೇಷ ತರಗತಿ ಸಾಕು. ಮನೆಯಲ್ಲೇ ಓದ್ಲಿ" ಎಂದು ಚಿಕ್ಕಪ್ಪ ಹೇಳಿ ಕಳಿಸಿದ. ಟೀಚರ್ ಒಪ್ಪಿದಳು. ಆದರೆ ವಾರ ಕಳೆಯುವಷ್ಟರಲ್ಲಿ ಗುಬ್ಬಿಯೇ ಬಂದು, "ಮತ್ತೆ ತರಗತಿಗೆ ಬರೋಕೆ ಚಿಕ್ಕಪ್ಪ ಹೂಂ ಅಂದ್ರು ಮಿಸ್" ಎಂದಳು. ಟೀಚರ್ ನಂಬಿದಳು.

ಆ ಸಂಜೆ ಶಾಲೆಯ ಗ್ರಂಥಾಲಯದ ಬಾಗಿಲು ತೆರೆದು ಚಿಕ್ಕಪ್ಪ ಒಳಗೆ ಬಂದಾಗ, ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳು ಹರಡಿದ್ದವು.

"ಗೆಳತಿ ಮನೆಗೆ ಹೋಗ್ತೀನಿ ಅಂದಿದ್ಲು" ಎಂದ ನಿಧಾನವಾಗಿ. ಆಮೇಲೆ ಟೀಚರ್ ಕಡೆ ತಿರುಗಿದ. "ನೀವು ಒಪ್ಪಿದ್ರಿ. ಬೆನ್ನ ಹಿಂದೆ ಹೀಗೆ ಮಾಡ್ತೀರಾ ಅಂದ್ಕೊಂಡಿರ್ಲಿಲ್ಲ."

ಗುಬ್ಬಿ ತಲೆ ತಗ್ಗಿಸಿದ್ದಳು. ಪರೀಕ್ಷೆ ಎದುರಿಗೇ ಇತ್ತು.

ನಿಜ ಹೇಳಿದರೆ ಈ ಮಗು ಇಲ್ಲೇ ಕುಸಿಯುತ್ತದೆ...

"ತಪ್ಪಾಯ್ತು" ಎಂದಳು ಟೀಚರ್. "ಕರೆದಿದ್ದು ನಾನೇ."

ಅವನು ಅವಳನ್ನು ಒಂದು ಗಳಿಗೆ ನೋಡಿದ. ಆ ನೋಟದಲ್ಲಿ ಕೋಪ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇದ್ದದ್ದು ಬರೀ ಬೇಸರ.

ಅಂದಿನಿಂದ ಅವಳು ಆ ಬೀದಿಗೆ ಹೋಗಲಿಲ್ಲ.

ಫಲಿತಾಂಶದ ದಿನ ಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಬ್ಬಿಗೆ ವ್ಯವಹಾರ ಅಧ್ಯಯನದಲ್ಲಿ ನೂರಕ್ಕೆ ನೂರು, ಇಡೀ ಪರೀಕ್ಷಾ ಮಂಡಳಿಗೆ ಮೊದಲು. ಹೆಡ್‌ಮಾಸ್ಟರ್ ಟೀಚರ್ ಕೈ ಕುಲುಕಿದ್ದೇ ಕುಲುಕಿದ್ದು. ಫೋಟೋಗ್ರಾಫರ್ ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ಗುಬ್ಬಿ ಮಾತ್ರ ಬರಲಿಲ್ಲ.

ಫೋನ್ ಬಂತು. ಎಷ್ಟೋ ದಿನದ ಮೇಲೆ ಅವನ ಹೆಸರು ಪರದೆಯ ಮೇಲೆ.

"ಗುಬ್ಬಿ ನಿಮ್ಮ ಹತ್ರ ಇದ್ದಾಳಾ?" ಉಸಿರು ಏರಿತ್ತು. "ರಿಸಲ್ಟ್ ನೋಡಿದ್ಲು, ಅವರಪ್ಪನಿಗೆ ಫೋನ್ ಮಾಡಿದ್ಲು, ಹೊರಟುಹೋದ್ಲು. ಎಲ್ಲೂ ಇಲ್ಲ."

ಗ್ರಂಥಾಲಯ, ಗೆಳತಿಯರ ಮನೆ, ಉದ್ಯಾನ. ಇಬ್ಬರೂ ಒಟ್ಟಿಗೆ ಹುಡುಕಿದರು, ಬೇಕಾದಷ್ಟೇ ಮಾತಾಡಿದರು. ಕೊನೆಗೆ ಬಸ್ ನಿಲ್ದಾಣದಲ್ಲಿ, ದೂರದ ಊರುಗಳ ಬಸ್ಸುಗಳು ಬಂದು ನಿಲ್ಲುವ ಕಡೆಯ ಬೆಂಚಿನ ಮೇಲೆ ಗುಬ್ಬಿ ಸಿಕ್ಕಳು. ಇಸ್ತ್ರಿ ಮಾಡಿದ ಉಡುಪು, ಒಪ್ಪವಾಗಿ ಬಾಚಿದ ತಲೆ.

ಟೀಚರ್ ಪಕ್ಕದಲ್ಲಿ ಕೂತಳು. "ಯಾರನ್ನ ಕಾಯ್ತಿದ್ದೀಯಮ್ಮಾ?"

"ಅಪ್ಪನ್ನ." ಗುಬ್ಬಿಯ ಕಣ್ಣು ಬಸ್ಸುಗಳ ಮೇಲೇ ಇತ್ತು. "ಬಿಸಿನೆಸ್ ಸ್ಟಡೀಸ್‌ನಲ್ಲಿ ಫಸ್ಟ್ ಬಾ, ಬಂದು ನನ್ನ ಜೊತೆ ಕರ್ಕೊಂಡು ಹೋಗ್ತೀನಿ ಅಂದಿದ್ರು. ಇವತ್ತು ಫೋನ್ ಮಾಡಿದ್ರೆ ಮೀಟಿಂಗ್‌ನಲ್ಲಿದ್ದೀನಿ, ಮುಂದಿನ ತಿಂಗಳು ನೋಡೋಣ ಅಂದ್ರು. ಆದ್ರೂ... ಬಂದುಬಿಟ್ರೆ ಅಂತ."

ಚಿಕ್ಕಪ್ಪ ನೆಲಕ್ಕೆ ಕುಸಿದವನಂತೆ ಅವಳ ಮುಂದೆ ಮಂಡಿಯೂರಿದ. "ನನಗೊಂದು ಮಾತು ಹೇಳ್ಬಾರ್ದಿತ್ತಾ ಗುಬ್ಬಿ?"

"ನಿಮ್ಮನ್ನ ಬಿಟ್ಟು ಹೋಗ್ತೀನಿ ಅಂತ ನಿಮಗೇ ಹೇಗೆ ಹೇಳ್ಲಿ?" ಅವಳಿಗೆ ಅಳು ಒತ್ತರಿಸಿ ಬಂತು. "ಮಿಸ್‌ಗೂ ಸುಳ್ಳು ಹೇಳಿದೆ. ಅವತ್ತು ಮಿಸ್ ಕರೆದಿರ್ಲಿಲ್ಲ. ನೀವು ಒಪ್ಪಿದ್ದೀರಿ ಅಂತ ನಾನೇ ಹೇಳಿದ್ದೆ. ಅವರು ನನಗೋಸ್ಕರ ಬೈಸ್ಕೊಂಡ್ರು."

ಅವನು ಟೀಚರ್ ಕಡೆ ನೋಡಲಿಲ್ಲ, ನೋಡಲಾಗಲಿಲ್ಲ. ಗುಬ್ಬಿಯನ್ನು ತಬ್ಬಿ ಬಹಳ ಹೊತ್ತು ಹಾಗೇ ಇದ್ದ.

ಅತ್ತು ಹಗುರಾದ ಮೇಲೆ ಗುಬ್ಬಿ ಮುಖ ತೊಳೆಯಲು ಎದುರಿನ ನಲ್ಲಿಯ ಕಡೆ ಹೋದಳು. ಅವಳು ಕಣ್ಣಿಗೆ ಕಾಣುವಷ್ಟೇ ದೂರದಲ್ಲಿದ್ದಳು. ಬೆಂಚಿನ ಮೇಲೆ ಇಬ್ಬರೇ ಉಳಿದರು.

"ಅವತ್ತೇ ಹೇಳ್ಬಹುದಿತ್ತು ನೀವು" ಎಂದ ಅವನು.

"ಹೇಳಿದ್ರೆ ಅವಳಿಗೆ ನಿಮ್ಮ ಮುಖ ನೋಡೋಕಾಗ್ತಿತ್ತಾ?"

"ನಿಮಗೆ ನೋವಾಗ್ಲಿಲ್ವಾ?"

ಇಲ್ಲ ಎನ್ನಬಹುದಿತ್ತು. ಆದರೆ ಇಂದು ಇನ್ನೊಂದು ಸುಳ್ಳು ಬೇಡವೆನ್ನಿಸಿತು. "ಆಯ್ತು. ನಿಮ್ಮ ಅಂಗಡಿ ಮುಂದೆ ಹಾದು ಹೋಗೋಕಾಗದೆ ದಿನಾ ಊರೆಲ್ಲ ಸುತ್ತಿ ಮನೆಗೆ ಹೋಗ್ತಿದ್ದೆ."

"ಶಾಲೆ ಬಿಡೋ ಹೊತ್ತಿಗೆ ನಾನು ಅಂಗಡಿ ಬಾಗಿಲಲ್ಲೇ ನಿಂತಿರ್ತಿದ್ದೆ" ಎಂದ. "ಕೋಪ ಇದ್ದಾಗ್ಲೂ."

ಬಸ್ಸೊಂದು ಬಂದು ನಿಂತಿತು. ಜನ ಇಳಿದರು, ಚದುರಿದರು.

"ನನಗೆ ನೀವು ಬೇಕು" ಎಂದ ಅವನು. "ಗುಬ್ಬಿಗೆ ಪಾಠ ಹೇಳೋಕಲ್ಲ. ನನಗೇ ಬೇಕು. ಇದನ್ನ ಹೇಳೋ ಜಾಗ ಅಲ್ಲ ಇದು, ದಿನಾನೂ ಅಲ್ಲ. ಆದ್ರೆ ಒಳಗೇ ಇಟ್ಕೊಂಡ್ರೆ ಏನಾಗುತ್ತೆ ಅಂತ ಈಗಷ್ಟೇ ನೋಡಿದೆ."

ಅವಳು ಅವನ ಕಡೆ ತಿರುಗಿ ಕೂತಳು.

"ಉತ್ತರ ಈಗಲೇ ಬೇಡ. ಯೋಚನೆ ಮಾಡಿ."

"ಯೋಚನೆ ಮಾಡ್ತಿಲ್ಲ" ಎಂದು ಅವಳು ಅವನ ಕೈ ಮೇಲೆ ಕೈ ಇಟ್ಟಳು. "ಇನ್ನೊಂದ್ಸಲ ಹೇಳ್ತೀರೇನೋ ಅಂತ ಕಾಯ್ತಿದ್ದೀನಿ."

"ನೀವು ಬೇಕು."

"ಹೂಂ" ಎಂದಳು. "ನನಗೂ."