ಆರಾಮ ಅದೀರೇನ್ರಿ?

“ಆರಾಮ ಅದೀರೇನ್ರಿ?”

ಆಳಂದದ ದವಾಖಾನೆಯಿಂದ ತಿಂಗಳಿಗೊಮ್ಮೆ ಬರುವ ಈ ದನಿ ಕೇಳಿದರೆ ಸಾಕು, ಭುವನೇಶ್ವರಿಯ ಮುಖ ಕೆಂಪಾಗುತ್ತಿತ್ತು. ಮುಖ ನೋಡಿದವಳಲ್ಲ, ಮೂಗು ನೋಡಿದವಳಲ್ಲ, ಆದರೂ! ಕೋವಿಡ್‌ಗೆ ಅಡ್ಮಿಟ್ ಆಗಿದ್ದವರ ಹಳೇ ಫೈಲು ತೆಗೆದು, ಇನ್ನೂ ಏನು ತ್ರಾಸ ಉಳಿದಿದೆ ಎಂದು ಫೋನಿನಲ್ಲಿ ವಿಚಾರಿಸುವುದು ಶಿವಪ್ರಕಾಶನ ಕೆಲಸ.

“ಆರಾಮ ಅದೀನ್ರಿ” ಎನ್ನದೆ ಇವಳಿಗೆ ಗತಿಯಿರಲಿಲ್ಲ. ಅಣ್ಣನ ಹೆಂಡತಿ ವಿದ್ಯಾವತಿ ಸ್ಪೀಕರ್ ಹಾಕಿಸಿ ಎದುರಿಗೇ ನಿಂತಿರುತ್ತಿದ್ದಳು. ಇವಳಿಗೆ ಬಂದದ್ದು ಕೋವಿಡ್ ಅಲ್ಲ, ಟೈಫಾಯಿಡ್ ಅಂತ ಮನೆಯವರು ತಮ್ಮೂರು ಮಟಕಿಗೆಲ್ಲ ಹೇಳಿಟ್ಟಿದ್ದರು. ಎದೆ ಕೆಟ್ಟ ಹುಡುಗಿ ಅಂತ ಗೊತ್ತಾದರೆ ಯಾರು ಮಾಡಿಕೊಳ್ಳುತ್ತಾರೆ? ಹೊರಗೆ ಬಿಡುವಂತಿಲ್ಲ, ಡಾಕ್ಟರಿಗೆ ತೋರಿಸುವಂತಿಲ್ಲ. ಒಂದು ಕೊಡ ನೀರು ಎತ್ತಿದರೆ ದಮ್ಮು. ಅದನ್ನೂ ನುಂಗಿಕೊಂಡು ನಗಬೇಕು. ಸಾಕಾಗಿಹೋಗಿತ್ತು ಆಕೆಗೆ.

“ಬಾಯಿ ಆರಾಮ ಅಂತದ, ಉಸಿರು ಬ್ಯಾರೇನೇ ಹೇಳಾಕತ್ತದಲ್ರಿ,” ಎಂದಿದ್ದ ಅವನು ಒಮ್ಮೆ, ಮೆಲ್ಲಗೆ.

“ರೊಟ್ಟಿ ಬಡೀತಿದ್ದೆ ರಿ.”

“ನಾ ಫೋನ್ ಮಾಡಿದಾಗೆಲ್ಲ ರೊಟ್ಟೀನೇ ಬಡೀತೀರಿ! ಒಂದಿನ ಊಟಕ್ಕರ ಕರೀರಿ.”

ವಿದ್ಯಾವತಿ ಪಟ್ಟನೆ ಫೋನ್ ಕಟ್ ಮಾಡಿದಳು. ಅವತ್ತು ಇಡೀ ದಿನ ಭುವನೇಶ್ವರಿಗೆ ಒಳಗೊಳಗೇ ನಗು.

ಅಫಜಲಪುರದವರು ಹೆಣ್ಣು ನೋಡಲು ಬಂದರು. ಚಹಾದ ತಾಟು ಹಿಡಿದು ಪಡಸಾಲೆಗೆ ಬರುವಷ್ಟರಲ್ಲಿ ಅವಳಿಗೆ ಉಸಿರು ಸಾಲದಾಯಿತು.

“ಯಾಕವ್ವ, ಇಷ್ಟು ತೇಕಾಕತ್ತಿ?” ಎಂದರು ಹುಡುಗನ ತಾಯಿ ಸುಭದ್ರಾಬಾಯಿ.

“ಅಯ್ಯ, ನಾಚಿಕಿ ರಿ ಅಕಿಗಿ!” ವಿದ್ಯಾವತಿ ಅಡ್ಡ ಬಂದಳು.

ಆಗಲೇ ಫೋನ್ ಬಂತು. “ರಾಂಗ್ ನಂಬರ್ ಅನ್ನು ಬೇ,” ಎಂದು ವಿದ್ಯಾವತಿ ಕಿವಿಯಲ್ಲಿ ಉಸುರಿದಳು. ಭುವನೇಶ್ವರಿ ಈ ಸಲ ತಾನಾಗಿಯೇ ಸ್ಪೀಕರ್ ಒತ್ತಿದಳು.

“ಆರಾಮ ಅದೀರೇನ್ರಿ?”

“ಇಲ್ರಿ. ಕೋವಿಡ್ ಆದಾಗಿಂದ ದಮ್ಮು ಹತ್ತತದ. ಇಷ್ಟು ದಿನ ಸುಳ್ಳು ಹೇಳೇನಿ. ಖರೇದು ಬರ್ಕೊಳ್ರಿ.”

ಸುಭದ್ರಾಬಾಯಿ ಚಹಾದ ಕಪ್ಪನ್ನು ಕೆಳಗಿಟ್ಟರು. ಅಣ್ಣ ಚಂದ್ರಾಮಪ್ಪ ದಡಕ್ಕನೆ ಎದ್ದ.

“ಬರ್ಕೋತೇನ್ರಿ. ನಾಳೇನೇ ದವಾಖಾನಿಗಿ ಬರ್ರಿ, ಡಾಕ್ಟರಿಗಿ ತೋರ್ಸೂನು. ಆದ್ರ ಮುಂದಿನ ತಿಂಗಳಿಂದ ನಿಮಗ ಬ್ಯಾರೇವ್ರು ಫೋನ್ ಮಾಡ್ತಾರ. ಸಾಹೇಬರಿಗಿ ನಾನೇ ಹೇಳೇನಿ.”

“ಯಾಕ್ರಿ?”

“ಮನಸು ಕೊಟ್ಟವರ ಬ್ಯಾನಿ ನಾನೇ ಬರ್ಕೊಳ್ಳಾಕ ಆಗಂಗಿಲ್ರಿ.”

ಚಂದ್ರಾಮಪ್ಪ ಫೋನಿಗೆ ಕೈ ಹಾಕಿದ. ದಮ್ಮು ಕಟ್ಟಿ ಕಣ್ಣಲ್ಲಿ ನೀರು ಬಂದರೂ ಅವಳು ಬಿಡಲಿಲ್ಲ.

“ಈಗೇ ಬರ್ರಿ,” ಎಂದಳು. “ಮನ್ಯಾಗ ಎಲ್ಲಾರೂ ಕುಂತಾರ. ಹೆಣ್ಣು ಕೇಳೂದಿದ್ರ ಇವರ ಮುಂದೇ ಕೇಳ್ರಿ.”