ಹೆಸರಿಲ್ಲದ ಅಭಂಗ

ತಲೆಯ ಮೇಲಿನ ತುಳಸಿ ವೃಂದಾವನವನ್ನು ಇಳಿಸುತ್ತಿದ್ದ ವೈಜಯಂತಾ ಹಾಗೇ ನಿಂತುಬಿಟ್ಟಳು.

ಬೇವಿನ ಮರದಡಿ, ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಟ ದಿಂಡಿಯವರೆಲ್ಲ ಊಟಕ್ಕೆ ಮುಂಚೆ ಭಜನೆಗೆ ಕೂತಿದ್ದರು. ತಾಳ ಹಿಡಿದು ಹಾಡುತ್ತಿದ್ದವನು ಅಂಕುಶ. ಹಾಡುತ್ತಿದ್ದದ್ದು ಅವಳೇ ಬರೆದ ಅಭಂಗ!

'ನಿಂತು ನಿಂತು ಕಾಲು ನೋಯಲಿಲ್ಲವೇ ವಿಠ್ಠಲಾ, ನನ್ನ ಹೊಸಿಲ ಮೇಲೆ ಒಂದು ಗಳಿಗೆ ಕೂತುಕೋ...'

ಹೋದ ವರ್ಷ ಪಂಢರಪುರದಲ್ಲಿ ದಿಂಡಿ ಚದುರುವಾಗ ಅವಳೇ ಆ ಹಾಳೆಯನ್ನು ಅವನ ಕೈಗಿಟ್ಟು ಓಡಿಬಂದಿದ್ದಳು. ಜೊತೆಗೆ ಮನಸ್ಸನ್ನೂ ಕೊಟ್ಟಿದ್ದಳು. ವರ್ಷವಿಡೀ ಅವನಿಂದ ಒಂದು ಮಾತೂ ಬರಲಿಲ್ಲ. ಈಗ ನೋಡಿದರೆ, ಮುನ್ನೂರು ಜನರ ಮುಂದೆ ತನ್ನದೇ ಎಂಬಂತೆ ಹಾಡುತ್ತಿದ್ದಾನೆ!

ಅಭಂಗದ ಕೊನೆಯ ಸಾಲಿನಲ್ಲಿ ಬರೆದವರ ಹೆಸರು ಬರಬೇಕು. ಅವಳು ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಅಲ್ಲಿ ಅವನ ಹೆಸರು ಕೇಳಿಬಂದರೆ ತಡೆದುಕೊಳ್ಳುವುದು ಅವಳಿಂದ ಆಗದು. ಆ ಸಾಲು ಬರುವ ಮೊದಲೇ ವೃಂದಾವನ ಇಳಿಸಿಟ್ಟು ಬಾವಿಯ ಕಡೆ ನಡೆದುಬಿಟ್ಟಳು.

'ಕೇಳಿದ್ರೆ ಅವನ ಹೆಸರಿಗೇ ಬಿಟ್ಟುಕೊಡ್ತಿರಲಿಲ್ವಾ? ಕದಿಯೋದ್ಯಾಕೆ...'

ಊಟಕ್ಕೆ ಝುಣಕ-ಭಾಕರಿ ಹಿಡಿದು ಹುಡುಕಿಕೊಂಡು ಬಂದ ಸೋದರತ್ತೆ ಗಯಾಬಾಯಿ, ಅವಳ ದೂರನ್ನೆಲ್ಲ ಕೇಳಿ ನಕ್ಕಳು.

“ಕೊನೇವರೆಗೂ ಕೂತು ಕೇಳೋ ತಾಳ್ಮೆ ಇಲ್ಲ, ಇವಳು ಬೇರೆ ಕವಿಯಂತೆ! ಕೊನೇ ಸಾಲಿಗೆ ಬಂದ ಕೂಡ್ಲೇ ಅವನು ತಾಳ ನಿಲ್ಲಿಸಿಬಿಟ್ಟ ಕಣೇ. ಇದು ನಂದಲ್ಲ, ಬರೆದೋರು ನಮ್ಮ ಜೊತೇಲೇ ನಡೀತಿದಾರೆ, ಅವರಾಗಿ ಹೆಸರು ಹೇಳೋವರೆಗೂ ಮುಗಿಸಲ್ಲ ಅಂದ.”

ವೈಜಯಂತಾಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಷ್ಟರಲ್ಲಿ ಅಂಕುಶನೇ ಬಂದ. ಎಲ್ಲರನ್ನೂ ತಾಯಿ ಎಂದು ಕರೆಯುವ ದಿಂಡಿಯ ಪದ್ಧತಿಯಂತೆ “ಮಾವುಲಿ” ಎಂದು ಬಾಗಿ ಅವಳ ಕಾಲು ಮುಟ್ಟಿದ. ಅವಳೂ ಬಾಗಿದಳು. ಅತ್ತೆ ಕೊಡಕ್ಕೆ ನೀರು ತುಂಬುವ ನೆಪ ಮಾಡಿ ದೂರ ಸರಿದಳು.

“ವರ್ಷವಿಡೀ ಯಾಕೆ ಸುಮ್ಮನಿದ್ರಿ?”

“ಅಭಂಗಕ್ಕೆ ಅಭಂಗದಲ್ಲೇ ಉತ್ತರ ಬರೆಯೋಣ ಅಂತ ಕೂತೆ. ಒಂದು ಸಾಲೂ ಕೂಡಿಬರ್ಲಿಲ್ಲ. ನಂಗೆ ಹಾಡೋಕಷ್ಟೇ ಬರೋದು.” ಅವನು ತಡವರಿಸಿದ. “ಹೆಸರು ಯಾಕೆ ಬಿಟ್ರಿ?”

ಅವಳು ಮೆಲ್ಲಗೆ ಹೇಳಿದಳು. ಮದುವೆಯ ದಿನ ಗಂಡ ತಟ್ಟೆಯ ಅಕ್ಕಿಯಲ್ಲಿ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅವಳ ಅವ್ವನಿಗೂ ಹಾಗೇ ಆಗಿತ್ತು. ಅವ್ವ ತೀರಿಕೊಂಡಾಗ ತವರಿನ ಹೆಸರು ಮನೆಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

“ನಾಳೆ ಯಾವ ಹೆಸರಿನವಳಾಗ್ತೀನೋ ಏನೋ... ಇವತ್ತು ಬರೆದು ಏನು ಮಾಡಲಿ?”

ಅಂಕುಶ ಒಂದು ಹೆಜ್ಜೆ ಮುಂದೆ ಬಂದ.

“ನನ್ನನ್ನ ಮದುವೆ ಆಗ್ತೀರಾ? ಅಕ್ಕೀಲಿ ಏನು ಬರೀಬೇಕು ಅಂತ ನೀವೇ ಹೇಳಿ.”

ಅವಳು ಬೇವಿನ ಮರದತ್ತ ನಡೆದಳು. ಮುನ್ನೂರು ಜನರ ಮುಂದೆ ನಿಂತು, ಕಣ್ಣು ಮುಚ್ಚಿ, ಕೊನೆಯ ಸಾಲು ಹಾಡಿದಳು.

'ವೈಜಯಂತಾ ಹೇಳುತ್ತಾಳೆ, ವಿಠ್ಠಲಾ, ಬಾಗಿಲು ತೆರೆದೇ ಇದೆ...'

ತಾಳಗಳೆಲ್ಲ ಒಟ್ಟಿಗೆ ಮೊಳಗಿದವು. ಗದ್ದಲದ ನಡುವೆ ಅಂಕುಶ ಅವಳ ಪಕ್ಕಕ್ಕೆ ಬಂದ.

“ಮಾವುಲಿ, ನನ್ನ ಮಾತಿಗೆ ಉತ್ತರಾನೇ ಬರ್ಲಿಲ್ಲ...”

“ಈಗ ತಾನೇ ಹಾಡಿದ್ನಲ್ಲ,” ಎಂದಳು ಅವಳು. “ಅಕ್ಕೀಲಿ ಆ ಹೆಸರನ್ನೇ ಬರೀರಿ.”